ಮೊಸರು, ಬೆಣ್ಣೆ, ತುಪ್ಪ, ದೋಸೆ ಹಿಟ್ಟಿಗೆ ಅಗ್ಗದ ಡಿಜಿಟಲ್ ಥರ್ಮಾಮೀಟರ್: ಸಮಗ್ರ ಮಾರ್ಗದರ್ಶಿ

ದಾವಣಗೆರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ನೀರು ಕುದಿಯುವುದು 98 ಡಿಗ್ರಿಯ ಆಸುಪಾಸಿನಲ್ಲಿ. ಚಿತ್ರದುರ್ಗ ಇನ್ನೂ ಮೇಲೆ, ಸುಮಾರು 730 ಮೀಟರ್, ಅಲ್ಲಿ 97.5 ಡಿಗ್ರಿ. ಹೊಸ ಥರ್ಮಾಮೀಟರ್ ತಂದು ಕುದಿಯುವ ನೀರಿಗೆ ಅದ್ದಿ, 98 ತೋರಿಸಿತೆಂದು ಅದನ್ನು ಮೂಲೆಗೆ ಎಸೆದವರು ಬಹಳ. ಸರಿಯಾಗಿ ಕೆಲಸ ಮಾಡುತ್ತಿದ್ದ ಸಾಧನವನ್ನೇ ಅವರು ಎಸೆದಿರುತ್ತಾರೆ. 2 ಡಿಗ್ರಿ ಕೂಡಿಸಿ ಓದುವವರ ಪಾಡು ಇದಕ್ಕಿಂತ ಕೆಟ್ಟದ್ದು: ಅವರ ಪ್ರತಿಯೊಂದು ಅಳತೆಯಲ್ಲೂ 2 ಡಿಗ್ರಿ ತಪ್ಪು ಸೇರಿಕೊಳ್ಳುತ್ತದೆ.

150ರಿಂದ 300 ರೂಪಾಯಿಯ ಥರ್ಮಾಮೀಟರ್ ಅಡುಗೆಮನೆಯ ಹುದುಗಿನ ಕೆಲಸಕ್ಕೆ ಧಾರಾಳವಾಗಿ ಸಾಕು. ಅದು ಎಷ್ಟು ತಪ್ಪು ತೋರಿಸುತ್ತದೆ ಎಂಬುದು ನಿಮಗೆ ಗೊತ್ತಿರಬೇಕು, ಅದರ ತುದಿಯನ್ನು ಎಲ್ಲಿ ಇಡಬೇಕೆಂಬುದು ತಿಳಿದಿರಬೇಕು. ದುಬಾರಿ ಸಾಧನ ಕೊಂಡರೂ ಈ ಎರಡು ತಿಳಿಯದಿದ್ದರೆ ಫಲವಿಲ್ಲ.

ಯಾವುದನ್ನು ಕೊಳ್ಳಬೇಕು

ಪೇಟೆಯಲ್ಲೂ ಆನ್‌ಲೈನ್‌ನಲ್ಲೂ ಸಿಗುವ ಅಗ್ಗದ ಥರ್ಮಾಮೀಟರ್‌ಗಳಲ್ಲಿ ಮನೆಗೆ ಬೇಕಾದವು ಎರಡು.

ಮೊದಲನೆಯದು ಪೆನ್ನಿನ ಆಕಾರದ್ದು. ಸುಮಾರು 15 ಸೆಂಟಿಮೀಟರ್ ಉದ್ದದ ಸ್ಟೀಲ್ ಕಡ್ಡಿ, ಮೇಲೆ ಪ್ಲಾಸ್ಟಿಕ್ ತಲೆ, ಅದರಲ್ಲಿ ಪರದೆ. ಮೈನಸ್ 50ರಿಂದ 300 ಡಿಗ್ರಿಯವರೆಗೆ ಅಳೆಯುತ್ತದೆ. ಹಾಲು, ತುಪ್ಪ, ಬೆಣ್ಣೆ, ಹೀಗೆ ಅದ್ದಿ ನೋಡಿ ತೆಗೆಯುವ ಕೆಲಸಕ್ಕೆಲ್ಲ ಇದು.

ಎರಡನೆಯದು ಬೆಂಕಿಪೊಟ್ಟಣದಷ್ಟು ದೊಡ್ಡ ಪರದೆ, ಅದಕ್ಕೆ 1 ಮೀಟರ್ ಕಪ್ಪು ವಯರು, ವಯರಿನ ತುದಿಯಲ್ಲಿ ಪುಟ್ಟ ಲೋಹದ ಟೋಪಿ. ಮೀನಿನ ತೊಟ್ಟಿಗೆ, ಫ್ರಿಜ್ಜಿಗೆ ಅಂತ ಮಾರುತ್ತಾರೆ. ಮೈನಸ್ 50ರಿಂದ 110ರವರೆಗೆ ಓದುತ್ತದೆ. ಗಂಟೆಗಟ್ಟಲೆ ಇಟ್ಟು ನೋಡುವ ಕೆಲಸಕ್ಕೆ, ಅಂದರೆ ದೋಸೆ ಹಿಟ್ಟು, ಹೆಪ್ಪಿಟ್ಟ ಹಾಲು, ಥರ್ಮಾಕೋಲ್ ಡಬ್ಬಿಗೆ ಇದು ಬೇಕು. ತುಪ್ಪದ ಹತ್ತಿರ ಇದನ್ನು ತರಬೇಡಿ. 110 ದಾಟಿದರೆ ಒಳಗಿನ ಸೆನ್ಸರ್ ಕೆಡುತ್ತದೆ, ವಯರಿನ ಪ್ಲಾಸ್ಟಿಕ್ ಮೆತ್ತಗಾಗುತ್ತದೆ.

ಎರಡರ ಡಬ್ಬಿಯ ಮೇಲೂ ಸಾಮಾನ್ಯವಾಗಿ 1 ಡಿಗ್ರಿ ಹೆಚ್ಚು ಕಡಿಮೆ ಅಂತ ಬರೆದಿರುತ್ತದೆ. ಪರದೆಯಲ್ಲಿ 42.7 ಅಂತ ದಶಾಂಶ ಕಾಣುವುದರಿಂದ ಅಷ್ಟು ನಿಖರ ಅನ್ನಿಸುತ್ತದೆ, ಆದರೆ ಅದು ತೋರಿಸುವ ಸೂಕ್ಷ್ಮತೆ ಬೇರೆ, ಹೇಳುವ ಸತ್ಯ ಬೇರೆ. ಒಂದೇ ಪಾತ್ರೆಗೆ ಅದ್ದಿದ ಎರಡು ಪೆನ್ನುಗಳು 41.8, 43.1 ಅಂತ ತೋರಿಸಿದರೆ ಎರಡೂ ತಮ್ಮ ಮಾತಿಗೆ ತಪ್ಪಿಲ್ಲ. ಸಮಾಧಾನದ ಸಂಗತಿಯೆಂದರೆ, ಒಂದು ಥರ್ಮಾಮೀಟರಿನ ತಪ್ಪು ದಿನದಿಂದ ದಿನಕ್ಕೆ ಹೆಚ್ಚು ಬದಲಾಗುವುದಿಲ್ಲ. ಒಮ್ಮೆ ಕಂಡುಹಿಡಿದರೆ ತಿಂಗಳುಗಟ್ಟಲೆ ಅದನ್ನೇ ನಂಬಬಹುದು.

ಜ್ವರ ನೋಡುವ ಥರ್ಮಾಮೀಟರ್ ಅಡುಗೆಗೆ ಬೇಡ, ಅದು 32ರಿಂದ 43 ಡಿಗ್ರಿಯೊಳಗೆ ಮಾತ್ರ ಓದುತ್ತದೆ. ಆದರೆ ಪರೀಕ್ಷೆಯಲ್ಲಿ ಅದರಿಂದ ದೊಡ್ಡ ಉಪಯೋಗವಿದೆ, ಮುಂದೆ ನೋಡೋಣ. ಗನ್ನಿನಂತೆ ಹಿಡಿದು ದೂರದಿಂದ ನೋಡುವ ಇನ್‌ಫ್ರಾರೆಡ್ ಸಾಧನ ಮೇಲ್ಮೈಯನ್ನಷ್ಟೇ ಅಳೆಯುತ್ತದೆ. ಎಣ್ಣೆ ಕುಡಿದು ಕಪ್ಪಗಾದ ದೋಸೆ ಹಂಚಿಗೆ ಸರಿ. ಹೊಳೆಯುವ ಸ್ಟೀಲ್ ಪಾತ್ರೆಯ ಮೇಲೆ ಹಿಡಿದರೆ ಬಹಳ ಕಡಿಮೆ ತೋರಿಸುತ್ತದೆ. ಹಾಲಿನ ಮೇಲೆ ಹಿಡಿದರೆ ಕೆನೆಯ ಬಿಸಿಯನ್ನು ಹೇಳುತ್ತದೆಯೇ ಹೊರತು ಒಳಗಿನ ಹಾಲಿನದನ್ನಲ್ಲ.

ತಪ್ಪನ್ನು ಕಂಡುಹಿಡಿಯುವುದು: ಮಂಜು, ಕುದಿ, ಜ್ವರದ ಕಡ್ಡಿ

ಈ ಕೆಲಸಕ್ಕೆ ಅರ್ಧ ಗಂಟೆ ಬೇಕು. ಅವಸರದಲ್ಲಿ ಮಾಡಬೇಡಿ, ಮುಂದಿನ ಎಲ್ಲ ಅಳತೆಗೂ ಇದೇ ಅಡಿಪಾಯ.

ಸೊನ್ನೆ ಡಿಗ್ರಿ. ಫ್ರಿಜ್ಜಿನ ಐಸ್ ತುಂಡುಗಳನ್ನು ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಜಜ್ಜಿ ಪುಡಿ ಮಾಡಿ. ದೊಡ್ಡ ಸ್ಟೀಲ್ ಲೋಟಕ್ಕೆ ಭರ್ತಿ ತುಂಬಿ, ಸಂದುಗಳು ಮುಚ್ಚುವಷ್ಟು ಮಾತ್ರ ತಣ್ಣನೆ ನೀರು ಹಾಕಿ. ನೀರಿನಲ್ಲಿ ನಾಲ್ಕು ಐಸ್ ತೇಲುತ್ತಿದ್ದರೆ ಅದು ಸೊನ್ನೆಯಲ್ಲ, ಕೆಳಗಿನ ನೀರು 3-4 ಡಿಗ್ರಿ ಇರುತ್ತದೆ. ಚಮಚದಲ್ಲಿ ನಿಲ್ಲುವಂಥ ಕೆಸರಿನ ಹದ ಇರಬೇಕು. ಎರಡು ನಿಮಿಷ ಬಿಡಿ, ಯಾಕೆಂದರೆ ಫ್ರೀಜರಿನಿಂದ ಈಗಷ್ಟೇ ತೆಗೆದ ಐಸ್ ಸೊನ್ನೆಗಿಂತ ಬಹಳ ಕೆಳಗಿರುತ್ತದೆ. ಕರಗಲು ಶುರುವಾದ ಮೇಲೇ ಅದು ಸರಿಯಾಗಿ ಸೊನ್ನೆಗೆ ಬರುವುದು. ಕಡ್ಡಿಯನ್ನು ನಡುವೆ ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಇಳಿಸಿ, ತಳಕ್ಕೂ ಬದಿಗೂ ತಾಗಿಸದೆ ಕಲಕುತ್ತಿರಿ. ಅಂಕಿ ನಿಂತ ಮೇಲೆ ಬರೆದುಕೊಳ್ಳಿ. ಪೆನ್ನಿಗೆ 15 ಸೆಕೆಂಡು ಸಾಕು, ವಯರಿನದಕ್ಕೆ 2 ನಿಮಿಷ ಕೊಡಿ.

ಕುದಿ. ಅಗಲ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರನ್ನು ಕೊತಕೊತ ಕುದಿಸಿ. ತಳದಲ್ಲಿ ಸಣ್ಣ ಗುಳ್ಳೆ ಏಳುವುದು ಕುದಿಯಲ್ಲ, ಇಡೀ ನೀರು ಹೊರಳಬೇಕು. ಕಡ್ಡಿಯನ್ನು ಇಕ್ಕಳದಲ್ಲಿ ಓರೆಯಾಗಿ ಹಿಡಿದು ಅದ್ದಿ. ನೇರ ಹಿಡಿದರೆ ಹಬೆ ಪ್ಲಾಸ್ಟಿಕ್ ತಲೆಯೊಳಗೆ ನುಗ್ಗುತ್ತದೆ, ಕೈಯೂ ಸುಡುತ್ತದೆ. ತಳ ಮುಟ್ಟಿಸಬೇಡಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ಅದರಿಂದ ಕುದಿಬಿಂದು ಏರುತ್ತದೆಯೇ ಎಂಬ ಅನುಮಾನ ಬರಬಹುದು. ಒಂದು ಲೀಟರಿಗೆ 10 ಗ್ರಾಂ ಅಡುಗೆ ಉಪ್ಪು ಹಾಕಿದರೂ ಏರುವುದು 0.2 ಡಿಗ್ರಿಗಿಂತ ಕಡಿಮೆ. ನಲ್ಲಿಯ ಗಡಸು ಲೆಕ್ಕಕ್ಕೇ ಬರುವುದಿಲ್ಲ. ದಾವಣಗೆರೆಯಲ್ಲಿ 98.0, ಚಿತ್ರದುರ್ಗದಲ್ಲಿ 97.5 ಎಂದು ಇಟ್ಟುಕೊಳ್ಳಿ. ಬೇರೆ ಊರಾದರೆ ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು 1 ಡಿಗ್ರಿ ಕಳೆಯಿರಿ.

ಈಗ ಲೆಕ್ಕ. ದಾವಣಗೆರೆಯಲ್ಲಿ ಒಂದು ಪೆನ್ನು ಐಸಿನಲ್ಲಿ 0.8, ಕುದಿಯಲ್ಲಿ 99.2 ತೋರಿಸಿತು ಅನ್ನಿ. ಕೆಳಗೆ 0.8 ಹೆಚ್ಚು, ಮೇಲೆ 1.2 ಹೆಚ್ಚು. ನಡುವಿನ ಬಿಸಿಗಳಲ್ಲಿ ತಪ್ಪು ಈ ಎರಡರ ನಡುವೆ ಇರುತ್ತದೆ. 43 ಡಿಗ್ರಿಯ ಹತ್ತಿರ ಸರಿಸುಮಾರು 1.0. ಅಂದರೆ ಹಾಲು 43 ಬೇಕಿದ್ದರೆ ಪರದೆಯಲ್ಲಿ 44 ನೋಡಬೇಕು.

ಆದರೆ ಮೊಸರಿಗೆ ಬೇಕಾದ 38ರಿಂದ 45ರ ನಡುವಿನ ಜಾಗವೇ ನಮಗೆ ಮುಖ್ಯ, ಅಲ್ಲಿ ನೇರವಾಗಿ ಪರೀಕ್ಷಿಸುವುದು ಇನ್ನೂ ಒಳ್ಳೆಯದು. ಇಲ್ಲಿ ಜ್ವರದ ಡಿಜಿಟಲ್ ಕಡ್ಡಿ ಬೇಕು. ದೇಹದ ಬಿಸಿಯ ಸುತ್ತಮುತ್ತ ಅದರ ತಪ್ಪು ಸಾಮಾನ್ಯವಾಗಿ 0.1 ಡಿಗ್ರಿಯಷ್ಟೇ. ಅದನ್ನು ಸೋಪಿನಲ್ಲಿ ತೊಳೆದು, ಫ್ಲಾಸ್ಕಿನಲ್ಲೋ ದಪ್ಪ ಪಾತ್ರೆಯಲ್ಲೋ ಒಂದು ಲೀಟರ್ ಉಗುರುಬೆಚ್ಚಗಿನ ನೀರು ತೆಗೆದುಕೊಂಡು, 39 ಡಿಗ್ರಿಯ ಆಸುಪಾಸಿಗೆ ತನ್ನಿ. ಎರಡರ ತುದಿಯನ್ನೂ ಜೊತೆಗೆ ಹಿಡಿದು ಕಲಕಿ. ಜ್ವರದ ಕಡ್ಡಿ ಫ್ಯಾರನ್‌ಹೀಟಿನಲ್ಲಿದ್ದರೆ 102.2 ಅಂದರೆ 39. ಅದು ತಾನು ಕಂಡ ಗರಿಷ್ಠ ಬಿಸಿಯನ್ನೇ ಹಿಡಿದುಕೊಳ್ಳುತ್ತದೆ, ಹಾಗಾಗಿ ಪ್ರತಿ ಸಲ ಆರಿಸಿ ಮತ್ತೆ ಹಾಕಿ. ಇಲ್ಲಿ ಸಿಕ್ಕ ವ್ಯತ್ಯಾಸವೇ ಮೊಸರಿಗೆ ನಿಮ್ಮ ತಿದ್ದುಪಡಿ.

ಮೂರೂ ಅಂಕಿಗಳನ್ನು ಚಿಕ್ಕ ಚೀಟಿಯಲ್ಲಿ ಬರೆದು ಥರ್ಮಾಮೀಟರಿನ ಬೆನ್ನಿಗೆ ಅಂಟಿಸಿ, ಮೇಲೆ ಸೆಲ್ಲೋಟೇಪ್ ಹಾಕಿ. ಪುಸ್ತಕದಲ್ಲಿ ಬರೆದಿಟ್ಟರೆ ಬೇಕಾದಾಗ ಸಿಗುವುದಿಲ್ಲ.

ತುದಿ ಎಲ್ಲಿರಬೇಕು

ಸೆನ್ಸರ್ ಇರುವುದು ಕಡ್ಡಿಯ ಕೊನೆಯ ಅರ್ಧ, ಮುಕ್ಕಾಲು ಸೆಂಟಿಮೀಟರಿನಲ್ಲಿ. ಬರೀ ಆ ತುದಿ ಮುಳುಗಿದರೆ ಸಾಲದು. ಮೇಲಿನ ಸ್ಟೀಲು ಬಿಸಿಯನ್ನು ಹೊರಗೆಳೆಯುವುದರಿಂದ ಕಡಿಮೆ ತೋರಿಸುತ್ತದೆ. ಸಣ್ಣ ಬಟ್ಟಲಾದರೆ ಓರೆ ಮಾಡಿ ಹೆಚ್ಚು ಉದ್ದ ಮುಳುಗಿಸಿ. ಕಾಯಿಸಿದ ಹಾಲನ್ನು ಕಲಕದೆ ಅಳೆದರೆ ಬದಿಗೂ ನಡುವಿಗೂ 4-5 ಡಿಗ್ರಿ ವ್ಯತ್ಯಾಸ ಸಿಗಬಹುದು. ಕಲಕಿ, ನಂತರ ಅಳೆಯಿರಿ.

ವಯರಿನ ಥರ್ಮಾಮೀಟರಿನ ಟೋಪಿ ತಿನ್ನುವ ವಸ್ತುವಿಗೆ ಅಂತ ಮಾಡಿದ್ದಲ್ಲ. ಹುಳಿ ತಾಗಿದರೆ ಅದರ ಲೇಪ ಏಳಬಹುದು. ಹಿಟ್ಟಿಗಾಗಲಿ ಮೊಸರಿಗಾಗಲಿ ಅದನ್ನು ಅದ್ದಬೇಡಿ. ಪಾತ್ರೆಯ ಹೊರಮೈಗೆ, ಒಳಗಿನ ಹಿಟ್ಟಿನ ಅರ್ಧ ಎತ್ತರಕ್ಕೆ ಟೋಪಿಯನ್ನು ಟೇಪಿನಿಂದ ಅಂಟಿಸಿ, ಅದರ ಮೇಲೆ ನಾಲ್ಕು ಮಡಿಕೆಯ ಬಟ್ಟೆಯನ್ನೋ ಬೆರಳುದ್ದದ ಥರ್ಮಾಕೋಲ್ ತುಂಡನ್ನೋ ಒತ್ತಿ ಮತ್ತೆ ಟೇಪ್ ಸುತ್ತಿ. ಸ್ಟೀಲ್ ಪಾತ್ರೆಯಲ್ಲಿ ಇದು ಒಳಗಿನ ಬಿಸಿಗೆ ಒಂದು ಡಿಗ್ರಿಯೊಳಗೆ ಬರುತ್ತದೆ. ಮೇಲೆ ಮುಚ್ಚದೆ ಬಿಟ್ಟರೆ ಅದು ಅಡುಗೆಮನೆಯ ಗಾಳಿಯನ್ನೇ ಅರ್ಧ ಓದುತ್ತದೆ.

ಮೊಸರು

ಒಂದು ಲೀಟರ್ ಹಾಲನ್ನು 90 ಡಿಗ್ರಿಗೆ ಏರಿಸಿ, ಸಣ್ಣ ಉರಿಯಲ್ಲಿ 5ರಿಂದ 10 ನಿಮಿಷ ಅಲ್ಲೇ ನಿಲ್ಲಿಸಿ. ಪ್ಯಾಕೆಟ್ ಹಾಲು ಆಗಲೇ ಪಾಶ್ಚರೀಕರಿಸಿದ್ದು, ಮತ್ತೆ ಯಾಕೆ ಎಂದರೆ: ಇಷ್ಟು ಬಿಸಿಯಲ್ಲಿ ಹಾಲಿನ ತಿಳಿಯಲ್ಲಿರುವ ಪ್ರೋಟೀನು ರೂಪ ಬದಲಿಸಿ, ಮೊಸರು ಗಟ್ಟಿಯಾಗಲು, ನೀರು ಬಿಡದಿರಲು ಕಾರಣವಾಗುತ್ತದೆ. ಬರೀ ಬೆಚ್ಚಗೆ ಮಾಡಿ ಹೆಪ್ಪು ಹಾಕಿದ ಮೊಸರು ತೆಳ್ಳಗಿರುವುದು ಇದರಿಂದಲೇ.

ಪಾತ್ರೆಯನ್ನು ತಣ್ಣೀರಿನ ಬೇಸಿನ್‌ನಲ್ಲಿಟ್ಟು ಕಲಕುತ್ತಾ ಇಳಿಸಿ. 50 ದಾಟಿ ಕೆಳಗೆ ಬಂದ ಮೇಲೆ ಬೇಗ ಇಳಿಯುವಂತೆ ಕಾಣುತ್ತದೆ, ಕಣ್ಣು ತೆಗೆಯಬೇಡಿ. ನಿಜವಾದ 43 ಬಂದಾಗ ಪಾತ್ರೆಯನ್ನು ನೀರಿನಿಂದ ಎತ್ತಿ, 2 ಟೀ ಚಮಚ ಹೆಪ್ಪನ್ನು ಸ್ವಲ್ಪ ಹಾಲಿನಲ್ಲಿ ಗಂಟಿಲ್ಲದೆ ಕದಡಿ ಸೇರಿಸಿ. ಮುಚ್ಚಿ, ಅಲುಗಿಸದೆ ಇಡಿ. 40ರಿಂದ 43ರಲ್ಲಿ ನಿಂತರೆ 4ರಿಂದ 6 ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ, ಆಗ ಫ್ರಿಜ್ಜಿಗೆ.

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯೇ 36-38 ಡಿಗ್ರಿ ಇರುತ್ತದೆ. ಆಗ ಹಾಲನ್ನು 38ಕ್ಕೆ ಇಳಿಸಿ, ಹೆಪ್ಪನ್ನು 1 ಚಮಚಕ್ಕೆ ಇಳಿಸಿ. ರಾತ್ರಿ ಹಾಕಿ ಬೆಳಿಗ್ಗೆ ನೋಡುವ ಅಭ್ಯಾಸವನ್ನು ಆ ಎರಡು ತಿಂಗಳು ಬಿಡಿ: ಹತ್ತು ಗಂಟೆ ಹೊತ್ತಿಗೆ ಅದು ಹುಳಿಯೇ. ಡಿಸೆಂಬರ್, ಜನವರಿಯಲ್ಲಿ ಚಿತ್ರದುರ್ಗದ ಬೆಳಗಿನ ಜಾವ 15-16 ಡಿಗ್ರಿಗೆ ಇಳಿಯುವಾಗ ಹಾಲು 45ರಲ್ಲಿರಲಿ, ಪಾತ್ರೆ ಥರ್ಮಾಕೋಲ್ ಡಬ್ಬಿಯಲ್ಲಿರಲಿ. ಡಬ್ಬಿ ಬಿಸಿ ಹಿಡಿದಿಡುತ್ತದೆಯೇ ಎಂದು ಹಾಲಿಡುವ ಮೊದಲೇ ನೋಡಿ: ಅದೇ ಪಾತ್ರೆಯಲ್ಲಿ 45 ಡಿಗ್ರಿಯ ಒಂದು ಲೀಟರ್ ನೀರಿಟ್ಟು, ವಯರಿನ ತುದಿ ಅಂಟಿಸಿ, ಪರದೆಯನ್ನು ಹೊರಗಿಟ್ಟು ಗಂಟೆಗೊಮ್ಮೆ ಬರೆಯಿರಿ. 4 ಗಂಟೆಯಲ್ಲಿ 38ಕ್ಕಿಂತ ಕೆಳಗಿಳಿದರೆ ಪಕ್ಕದಲ್ಲಿ 50 ಡಿಗ್ರಿ ನೀರಿನ ಒಂದು ಲೀಟರ್ ಬಾಟಲಿ ಇಡಬೇಕು.

ಕೆಟ್ಟಾಗ ಕಾರಣ ಹುಡುಕುವುದು ಸುಲಭ. ಹೆಪ್ಪೇ ಆಗದೆ ಹಾಲಾಗಿಯೇ ಉಳಿದರೆ 50ಕ್ಕಿಂತ ಮೇಲೆ ಹೆಪ್ಪು ಹಾಕಿದ್ದೀರಿ, ಇಲ್ಲವೇ ಹೆಪ್ಪು ಹಳತು. ನೂಲು ನೂಲಾಗಿ ಲೋಳೆಯಂತೆ ಎಳೆದರೆ ಬಹಳ ಹೊತ್ತು ತಣ್ಣಗಿದ್ದು ಬೇರೆ ಬ್ಯಾಕ್ಟೀರಿಯಾ ಬೆಳೆದಿವೆ. ಆ ಮೊಸರಿನಿಂದ ಮತ್ತೆ ಹೆಪ್ಪು ತೆಗೆಯಬೇಡಿ. ಒಡೆದು ಹಳದಿ ನೀರು ನಿಂತರೆ ಹೆಚ್ಚು ಬಿಸಿ ಅಥವಾ ಹೆಚ್ಚು ಹೊತ್ತು.

ಬೆಣ್ಣೆ, ತುಪ್ಪ

ಬೆಣ್ಣೆ ದೋಸೆಯ ಊರಿನಲ್ಲಿ ಬೆಣ್ಣೆ ಕಡೆಯುವುದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆದರೂ ಬೇಸಗೆಯಲ್ಲಿ ಮಿಕ್ಸಿಯಲ್ಲಿ ಕಡೆದ ಕೆನೆಮೊಸರು ಎಣ್ಣೆಯಂತಾಗಿ ಮಜ್ಜಿಗೆಯಲ್ಲೇ ತೇಲುವುದು ಪ್ರತಿ ಮನೆಯ ದೂರು. ಕಾರಣ ಪೂರ್ತಿ ಬಿಸಿಯದು. ಬೆಣ್ಣೆಯ ಕೊಬ್ಬು ಸ್ವಲ್ಪ ಗಟ್ಟಿ, ಸ್ವಲ್ಪ ಮೆತ್ತಗೆ ಇದ್ದಾಗ ಮಾತ್ರ ಕಣಗಳು ಒಂದಕ್ಕೊಂದು ಅಂಟುತ್ತವೆ. ಪೂರ್ತಿ ಕರಗಿದರೆ ಎಣ್ಣೆಯಾಗಿ ಹರಡುತ್ತದೆ, ಪೂರ್ತಿ ಗಟ್ಟಿಯಾದರೆ ಅಂಟುವುದೇ ಇಲ್ಲ.

ಫ್ರಿಜ್ಜಿನಲ್ಲಿ ವಾರ ಕೂಡಿಟ್ಟ ಕೆನೆಮೊಸರು 5-6 ಡಿಗ್ರಿ ಇರುತ್ತದೆ. ಹೊರಗೆ ತೆಗೆದು, ನೀರು ಸೇರಿಸಿದ ಮೇಲೆ ಅಳೆಯಿರಿ, ಮೊದಲಲ್ಲ. ಬೇಸಗೆಯಲ್ಲಿ 11-12, ಚಳಿಯಲ್ಲಿ 14-15 ಇದ್ದಾಗ ಕಡೆಯಲು ಶುರು ಮಾಡಿ. ಮಿಕ್ಸಿಯ ತಿರುಗಾಟದಲ್ಲೇ ಒಂದೆರಡು ಡಿಗ್ರಿ ಏರುತ್ತದೆ. ಎಮ್ಮೆ ಹಾಲಿನ ಕೆನೆಯಾದರೆ ಒಂದು ಡಿಗ್ರಿ ಹೆಚ್ಚಿದ್ದರೂ ನಡೆಯುತ್ತದೆ, ಅದರ ಕೊಬ್ಬು ಕರಗುವುದು ಸ್ವಲ್ಪ ಮೇಲೆ. ಸಾಸಿವೆ ಕಾಳಿನಷ್ಟು ಕಣ ಕಂಡಾಗ ಒಂದು ಲೋಟ ಫ್ರಿಜ್ಜಿನ ನೀರು ಹಾಕಿ, ನಿಧಾನ ತಿರುಗಿಸಿದರೆ ಉಂಡೆ ಕೂಡಿಕೊಳ್ಳುತ್ತದೆ. 10 ನಿಮಿಷವಾದರೂ ಬರೀ ನೊರೆ ಬರುತ್ತಿದ್ದರೆ ಅಳೆಯಿರಿ: 10ಕ್ಕಿಂತ ಕೆಳಗಿದ್ದರೆ ಉಗುರುಬೆಚ್ಚನೆ ನೀರು ಚೂರು ಚೂರು ಹಾಕಿ 14ಕ್ಕೆ ತನ್ನಿ. 20ರ ಹತ್ತಿರ ಹೋಗಿ ಎಣ್ಣೆಯಂತಾಗಿದ್ದರೆ ಜಾರನ್ನೇ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಚೆಲ್ಲುವಂಥದ್ದೇನೂ ಆಗಿಲ್ಲ.

ತುಪ್ಪ ಕಾಯಿಸುವಾಗ ಪೆನ್ನು ಹೇಳುವ ಕಥೆ ಬಲು ಚೆಂದ. ಬೆಣ್ಣೆಯಲ್ಲಿ ನೀರಿರುವಷ್ಟು ಹೊತ್ತು ಬಿಸಿ 100ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ಉರಿ ಎಷ್ಟು ಹಾಕಿದರೂ. ಚಟಪಟ ಸದ್ದು ಇಳಿದು, ಗುಳ್ಳೆ ಸಣ್ಣದಾಗುತ್ತಿದ್ದಂತೆ ಅಂಕಿ ಏರತೊಡಗುತ್ತದೆ. ನೀರು ಮುಗಿಯಿತೆಂದು ಅರ್ಥ. ಆಗ ಉರಿ ಸಣ್ಣದು ಮಾಡಿ. ತಿಳಿ ಪರಿಮಳ ಬೇಕಾದರೆ 110ಕ್ಕೆ, ಗಾಢ ಘಮ ಬೇಕಾದರೆ 116-117ಕ್ಕೆ ಒಲೆ ಆರಿಸಿ. ದಪ್ಪ ಪಾತ್ರೆ ಆಮೇಲೂ 3-4 ಡಿಗ್ರಿ ಏರಿಸುತ್ತದೆ. ತುದಿ ತಳದ ಗಸಿಗೆ ತಾಗಿದರೆ ಸುಳ್ಳು ಅಂಕಿ ಬರುತ್ತದೆ. ಒದ್ದೆ ಕಡ್ಡಿಯನ್ನು ಕಾದ ತುಪ್ಪಕ್ಕೆ ಅದ್ದಬೇಡಿ, ಸಿಡಿಯುತ್ತದೆ. ಒರೆಸಿ ಅದ್ದಿ.

ದೋಸೆ ಹಿಟ್ಟು

ಅಕ್ಕಿ, ಉದ್ದು, ಮೆಂತ್ಯದ ಜೊತೆ ಮಂಡಕ್ಕಿ ಸೇರುವ ನಮ್ಮ ಬೆಣ್ಣೆ ದೋಸೆಯ ಹಿಟ್ಟಿರಲಿ, ಸಾದಾ ದೋಸೆಯದಿರಲಿ, ಹುದುಗಿಗೆ ಹಿತವಾದದ್ದು 28ರಿಂದ 30 ಡಿಗ್ರಿ, 8ರಿಂದ 10 ಗಂಟೆ. ಯಾರೂ ಅಳೆಯದ ಸಂಗತಿಯೆಂದರೆ ರುಬ್ಬಿ ಮುಗಿದಾಗಿನ ಬಿಸಿ. ಮಿಕ್ಸಿಯಿಂದ ಇಳಿಸಿದ ಹಿಟ್ಟು ಬೇಸಗೆಯಲ್ಲಿ 40 ಮುಟ್ಟಿರುತ್ತದೆ. ದೊಡ್ಡ ಪಾತ್ರೆಯಲ್ಲಿ ಅದು ತಣಿಯಲು ಗಂಟೆಗಟ್ಟಲೆ ಬೇಕು, ಅಷ್ಟರಲ್ಲಿ ಹುಳಿ ಮುಂದೆ ಓಡಿ ಉಬ್ಬು ಹಿಂದೆ ಉಳಿಯುತ್ತದೆ. ರುಬ್ಬುವಾಗ ಹಾಕುವ ನೀರನ್ನು ನಲ್ಲಿಯದರ ಬದಲು ಫ್ರಿಜ್ಜಿನದು ಮಾಡಿದರೆ ಕೊನೆಯ ಬಿಸಿ 7ರಿಂದ 9 ಡಿಗ್ರಿ ಇಳಿಯುತ್ತದೆ. ಮಿಕ್ಸಿಯನ್ನು ಒಂದೊಂದು ನಿಮಿಷಕ್ಕೆ ನಿಲ್ಲಿಸಿ. ಬೇಸಗೆಯಲ್ಲಿ 26-28ರಲ್ಲಿ ಇಳಿಸಿದ ಹಿಟ್ಟು ತಾನಾಗಿಯೇ ಏರಿಕೊಳ್ಳುತ್ತದೆ, 5-6 ಗಂಟೆಗೆ ಸಿದ್ಧ.

ಚಳಿಗಾಲದಲ್ಲಿ ಇದೇ ಹಿಟ್ಟು 20 ಡಿಗ್ರಿಯಲ್ಲಿ ಕೂತು ಬೆಳಿಗ್ಗೆ ಹಾಗೇ ಇರುತ್ತದೆ. ಬಿಸಿನೀರಿನ ಬಾಟಲಿಯೊಂದಿಗೆ ಥರ್ಮಾಕೋಲ್ ಡಬ್ಬಿಯಲ್ಲಿಟ್ಟರೆ ಹೆಚ್ಚಿನ ಮನೆಗಳಿಗೆ ಸಾಕು. ದಿನವೂ ಹಿಟ್ಟು ಮಾಡುವವರು ಡಬ್ಲ್ಯು 1209 ಎಂಬ 12 ವೋಲ್ಟಿನ ಸಣ್ಣ ನಿಯಂತ್ರಕ ಬೋರ್ಡನ್ನು ಬಳಸಬಹುದು. ಅದೂ ಒಂದು ವಯರಿನ ಥರ್ಮಾಮೀಟರೇ, ಜೊತೆಗೆ ಸ್ವಿಚ್ಚು. ಅದರ ಸೆಟ್ಟಿಂಗ್‌ಗಳಿಗೆ ಪಿ0, ಪಿ1 ಅಂತ ಹೆಸರಿರುತ್ತದೆ. ಪಿ0 ಅನ್ನು ಎಚ್‌ಗೆ ಇಟ್ಟರೆ ಬಿಸಿ ಮಾಡುವ ಕೆಲಸ; ಪಿ1 ಅಂದರೆ ಎಷ್ಟು ಇಳಿದ ಮೇಲೆ ಮತ್ತೆ ಹಾಕಬೇಕು, 1.0 ಇರಲಿ, ಗುರಿ 29. ಐಸಿನಲ್ಲಿ 0.8 ಹೆಚ್ಚು ತೋರಿಸಿದ್ದರೆ ಪಿ4ರಲ್ಲಿ ಮೈನಸ್ 0.8 ಕೊಡಿ, ಆಮೇಲೆ ಪರದೆಯೇ ಸರಿಯಾದದ್ದು ಹೇಳುತ್ತದೆ. ಬಿಸಿಗೆ ತಂತಿ ಇರುವ 15 ವ್ಯಾಟಿನ ಹಳೇ ಬಲ್ಬು ಬೇಕು, ಎಲ್‌ಇಡಿಯಲ್ಲಿ ಬಿಸಿ ಸಾಲದು. ಬಲ್ಬನ್ನು ತೂತು ಹೊಡೆದ ತಗಡಿನ ಡಬ್ಬಿಯೊಳಗಿಟ್ಟು ಥರ್ಮಾಕೋಲಿನಿಂದ ಒಂದು ಗೇಣು ದೂರವಿರಿಸಿ. ಮನೆಯ 230 ವೋಲ್ಟು ಬೋರ್ಡಿನ ರಿಲೇ (ಆ ಸ್ವಿಚ್ಚು) ಮೂಲಕ ಹರಿಯುವ ಭಾಗವನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹಾಕಿಸಿ. ಹಿಟ್ಟು ಉಕ್ಕಿ ಬೋರ್ಡಿನ ಮೇಲೆ ಹರಿಯುವ ದಿನ ಬಂದೇ ಬರುತ್ತದೆ.

ಸಾಧನ ಕೆಡುವುದು ಹೀಗೆ

ಪೆನ್ನು ಸಾಯುವುದು ಸ್ಟೀಲ್ ಕಡ್ಡಿ ಪ್ಲಾಸ್ಟಿಕ್ ತಲೆಗೆ ಸೇರುವ ಸಂದಿನಿಂದ. ಕೂದಲೆಳೆಯಷ್ಟು ಬಿರುಕು, ನಲ್ಲಿ ಕೆಳಗೆ ಹಿಡಿದು ತೊಳೆದ ಒಂದೇ ಸಲಕ್ಕೆ ನೀರು ಒಳಗೆ. ಕೊಂಡ ದಿನವೇ ಆ ಸಂದಿಗೆ ಸುತ್ತಲೂ ತೆಳ್ಳಗೆ ಎಪಾಕ್ಸಿ ಅಂಟು ಹಚ್ಚಿ ಒಂದು ದಿನ ಒಣಗಿಸಿ. ಆಮೇಲೂ ಕಡ್ಡಿಯನ್ನು ಮಾತ್ರ ಸೋಪು ಬಟ್ಟೆಯಿಂದ ಒರೆಸಿ, ತಲೆ ಮೇಲಿರಲಿ. ವಯರಿನದ್ದರಲ್ಲಿ ವಯರು ಟೋಪಿಗೆ ಹೋಗುವ ಜಾಗ ದುರ್ಬಲ. ಅಲ್ಲಿ ತೇವ ಸೇರಿದರೆ ಅಂಕಿ ನಿಲ್ಲದೆ ಹಾರಾಡುತ್ತದೆ ಅಥವಾ ಪರದೆ ಅರ್ಥವಿಲ್ಲದ ಅಕ್ಷರ ತೋರಿಸುತ್ತದೆ. ಎರಡು ದಿನ ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟರೆ ಕೆಲವೊಮ್ಮೆ ಸರಿಹೋಗುತ್ತದೆ, ಆದರೆ ಮತ್ತೆ ಪರೀಕ್ಷಿಸದೆ ನಂಬಬೇಡಿ.

ಪರದೆ ಮಸುಕಾದರೆ, ನಿಂತ ನೀರಿನಲ್ಲೂ ಅಂಕಿ ಓಲಾಡಿದರೆ ಮೊದಲು ಬಟನ್ ಸೆಲ್ ಬದಲಿಸಿ. ಹೆಚ್ಚಿನವುಗಳಲ್ಲಿ ಎಲ್‌ಆರ್ 44 ಇರುತ್ತದೆ, ಕೆಲವು ಸೆಲ್ಲುಗಳ ಮೇಲೆ ಎಜಿ 13 ಎಂದು ಬರೆದಿರುತ್ತದೆ, ಎರಡೂ ಒಂದೇ ಅಳತೆ. ಜೊತೆಗೆ ಬಂದ ಸೆಲ್ ಬಹಳ ದಿನ ಬಾಳುವುದಿಲ್ಲ.

ಸೆಲ್ ಬದಲಿಸಿದಾಗ, ಕೆಳಗೆ ಬಿದ್ದಾಗ, ಏನೂ ಆಗದಿದ್ದರೂ ಮೂರು ತಿಂಗಳಿಗೊಮ್ಮೆ ಐಸಿನ ಪರೀಕ್ಷೆ ಮಾಡಿ. ಚೀಟಿಯ ಅಂಕಿಗೂ ಹೊಸದಕ್ಕೂ ಅರ್ಧ ಡಿಗ್ರಿಯೊಳಗೆ ವ್ಯತ್ಯಾಸವಿದ್ದರೆ ಚೀಟಿ ತಿದ್ದಿ ಮುಂದುವರಿಯಿರಿ. ಹೊಸ ಸೆಲ್ಲಿನಲ್ಲೂ ಒಂದೂವರೆ ಡಿಗ್ರಿ ಸರಿದಿದ್ದರೆ ಅದನ್ನು ಮೊಸರಿನಿಂದ, ಬೆಣ್ಣೆಯಿಂದ ದೂರವಿಟ್ಟು ಸ್ನಾನದ ನೀರು ನೋಡಲು ಕೊಡಿ, ಅಡುಗೆಮನೆಗೆ ಹೊಸದು ತನ್ನಿ.